ಮಳೆಗಾಲಕ್ಕೆ ಮುಂಚೆ ಮುಗಿಯಬೇಕಿದ್ದ ಕೆಲಸ

2019ರ ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಅಧ್ಯಯನದ ಅನುಮತಿ ಪತ್ರ ಕೈಸೇರಿದಾಗ ಜ್ವರದ ವಾರ್ಡಿನಲ್ಲಿ ಉಳಿದಿದ್ದ ಡೆಂಗಿ ರೋಗಿಗಳು ಇಬ್ಬರೇ. ಅವರಲ್ಲೊಬ್ಬರಿಗೆ ಅಂದು ಸಂಜೆಯೇ ಡಿಸ್ಚಾರ್ಜ್ ಆಗಬೇಕಿತ್ತು. ಪತ್ರವನ್ನು ಎರಡು ಸಲ ಓದಿ, ಕಡತದಲ್ಲಿಟ್ಟು, ರೌಂಡ್ಸಿಗೆ ಹೋದೆ.

ನಾನು ಮೈಸೂರಿನ ಬೋಧನಾ ಆಸ್ಪತ್ರೆಯೊಂದರ ಜನರಲ್ ಮೆಡಿಸಿನ್ ವಿಭಾಗದ ವೈದ್ಯೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಗಳಿಂದ ಹಿಡಿದು ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳವರೆಗೆ ಜನ ನಮ್ಮಲ್ಲಿಗೆ ಬರುತ್ತಾರೆ. ಆ ವರ್ಷ ಜೂನಿನಲ್ಲಿ ಜ್ವರದವರ ಸಂಖ್ಯೆ ಏರತೊಡಗಿದಾಗ ನಾವು ಮೂವರು ಸಹೋದ್ಯೋಗಿಗಳು ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಂಡಿದ್ದೆವು. ಅಪಾಯದ ಲಕ್ಷಣ ಕಾಣಿಸಿಕೊಂಡ ಡೆಂಗಿ ರೋಗಿಗೆ ನಾರ್ಮಲ್ ಸಲೈನ್ (ಉಪ್ಪಿನ ದ್ರಾವಣ) ಡ್ರಿಪ್ ಹಾಕುವುದು ಮೇಲೋ, ರಿಂಗರ್ ಲ್ಯಾಕ್ಟೇಟ್ (ಲ್ಯಾಕ್ಟೇಟ್ ಸೇರಿದ ಇನ್ನೊಂದು ಲವಣ ದ್ರಾವಣ) ಹಾಕುವುದು ಮೇಲೋ? ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಆಗ ದ್ರವ ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ, ಹೆಚ್ಚಾದರೆ ಶ್ವಾಸಕೋಶ ತುಂಬಿಕೊಳ್ಳುತ್ತದೆ. ನಾರ್ಮಲ್ ಸಲೈನಿನಲ್ಲಿ ಕ್ಲೋರೈಡ್ ಲೀಟರಿಗೆ 154 ಮಿಲಿಮೋಲ್ ಇದ್ದರೆ ನಮ್ಮ ರಕ್ತದಲ್ಲಿರುವುದು ಸುಮಾರು 100, ಆದ್ದರಿಂದ ರಕ್ತದ ಆಮ್ಲೀಯತೆ ಹೆಚ್ಚೀತು ಎಂದು ಕೆಲವರು ಅದನ್ನು ಬೇಡವೆನ್ನುತ್ತಾರೆ. ಯಕೃತ್ತಿಗೂ ತೊಂದರೆಯಾಗಿರುವ ರೋಗಿಗೆ ಲ್ಯಾಕ್ಟೇಟ್ ಕೊಡಲು ಇನ್ನು ಕೆಲವರು ಹಿಂಜರಿಯುತ್ತಾರೆ. ಎರಡು ಬಾಟಲಿಗಳೂ ನಮ್ಮ ವಾರ್ಡಿನ ಒಂದೇ ಕಪಾಟಿನಲ್ಲಿದ್ದವು, ಯಾವುದನ್ನು ತೆಗೆಯಬೇಕೆಂಬುದನ್ನು ಆ ದಿನದ ಡ್ಯೂಟಿ ಡಾಕ್ಟರ ಅಭ್ಯಾಸವೇ ನಿರ್ಧರಿಸುತ್ತಿತ್ತು.

ಪ್ರಶ್ನೆಯನ್ನು ಬರೆಯಲು ನಮಗೆ ಒಂದು ಮಧ್ಯಾಹ್ನ ಸಾಕಾಯಿತು. ಉಳಿದದ್ದಕ್ಕೆ ಆರು ತಿಂಗಳು ಹಿಡಿಯಿತು. ರೋಗಿಗಳ ಮೇಲಿನ ಅಧ್ಯಯನ ನ್ಯಾಯವಾದದ್ದೇ ಎಂದು ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಒಂದು ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಯಿತು, ಮತ್ತೊಂದು ಸಭೆ ರೋಗಿಗಳ ಸಹಿಗಾಗಿ ನಾವು ಬರೆದಿದ್ದ ಒಪ್ಪಿಗೆ ಪತ್ರವನ್ನು ಹಿಂದಕ್ಕೆ ಕಳಿಸಿತು, ಅಧ್ಯಯನಕ್ಕೆ ಸೇರುವ ರೋಗಿಗಳ ವಿಮೆ ಯಾರು ಕಟ್ಟಬೇಕೆಂಬ ಪ್ರಶ್ನೆಗೆ ಆಡಳಿತದಿಂದ ಉತ್ತರ ಬರುವಷ್ಟರಲ್ಲಿ ದಸರಾ ಮುಗಿದಿತ್ತು. ಯಾರೊಬ್ಬರೂ ಬೇಕೆಂದು ತಡಮಾಡಲಿಲ್ಲ. ಈ ಕೆಲಸವನ್ನು ಮೊದಲು ಮಾಡಿದವರು ಯಾರೂ ನಮ್ಮಲ್ಲಿರಲಿಲ್ಲ, ಅಷ್ಟೆ.

ಮರುವರ್ಷ ಕೋವಿಡ್ ಬಂತು. ಆ ಎರಡು ವರ್ಷಗಳಲ್ಲಿ ನನ್ನನ್ನು ಇಂದಿಗೂ ಕಾಡುವುದು 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳ ಒಂದು ದೃಶ್ಯ: ರೋಗಿಗಳ ಅಣ್ಣಂದಿರು, ಮಕ್ಕಳು, ಅಳಿಯಂದಿರು ಕೈಯಲ್ಲೊಂದು ಚೀಟಿ ಹಿಡಿದು ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾ ಹುಡುಕಿಕೊಂಡು ಒಂದು ರಕ್ತನಿಧಿಯಿಂದ ಇನ್ನೊಂದಕ್ಕೆ ಅಲೆಯುತ್ತಿದ್ದುದು. ಪ್ಲಾಸ್ಮಾದಿಂದ ಉಪಯೋಗವಿದೆಯೇ ಎಂಬ ಪ್ರಶ್ನೆಗೆ ಅಷ್ಟು ಹೊತ್ತಿಗೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಏಪ್ರಿಲ್‌ನಿಂದ ಜುಲೈವರೆಗೆ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆಸಿದ ಪ್ಲ್ಯಾಸಿಡ್ ಎಂಬ ಟ್ರಯಲ್ (ಚಿಕಿತ್ಸೆಯ ಪರೀಕ್ಷೆ), ಪ್ಲಾಸ್ಮಾ ಕೊಟ್ಟರೂ ರೋಗ ಉಲ್ಬಣಿಸುವುದಾಗಲಿ ಸಾವಾಗಲಿ ಕಡಿಮೆಯಾಗುವುದಿಲ್ಲವೆಂದು ತೋರಿಸಿತ್ತು. ಆದರೂ ರಾಷ್ಟ್ರೀಯ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದದ್ದು 2021ರ ಮೇ ಮಧ್ಯದಲ್ಲಿ. ಆ ಚೀಟಿಗಳಲ್ಲಿ ಕೆಲವನ್ನು ಬರೆದವಳು ನಾನೇ. ಪರೀಕ್ಷೆಯಲ್ಲಿ ತಾನೂ ಪಾಲ್ಗೊಂಡ ವೈದ್ಯನಿಗೆ ಅದರ ಫಲಿತಾಂಶ ತನ್ನದೆನಿಸುತ್ತದೆ, ಅವನು ಅದನ್ನು ನಂಬಿ ನಡೆಯುತ್ತಾನೆ. ದೂರದಿಂದ ಓದಿದವನು ಸಂಬಂಧಿಕರ ಕಣ್ಣೀರಿನ ಮುಂದೆ ಪೆನ್ನು ತೆಗೆಯುತ್ತಾನೆ. ಆ ದಿನಗಳಲ್ಲಿ ನಾನು ಇದನ್ನು ನನ್ನಲ್ಲೇ ಕಂಡುಕೊಂಡೆ.

ಅದಕ್ಕೂ ಮೊದಲೇ ಬ್ರಿಟನ್ನಿನ ರಿಕವರಿ ಟ್ರಯಲ್ 2020ರ ಮಾರ್ಚ್‌ನಲ್ಲಿ ಆರಂಭವಾಗಿ, ಸುಮಾರು 100 ದಿನಗಳಲ್ಲಿ, ಅಗ್ಗದ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿರುವ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು ಹೇಳಿತ್ತು. ಆ ಮಾತ್ರೆ ನಮ್ಮ ಔಷಧಾಲಯದಲ್ಲೂ ಇತ್ತು, ರೋಗಿಗಳೂ ಇದ್ದರು. ಇಲ್ಲದಿದ್ದದ್ದು ಆ ಎರಡನ್ನೂ ಒಂದು ಪ್ರಶ್ನೆಗೆ ಜೋಡಿಸುವ ಏರ್ಪಾಡು. ನಮ್ಮ ಊರಿನಲ್ಲಿ ಅದು ಅಸಾಧ್ಯವೇನೂ ಆಗಿರಲಿಲ್ಲ, ಏಕೆಂದರೆ ಕೋವಿಶೀಲ್ಡ್ ಲಸಿಕೆಯ ಪ್ರಯೋಗ ನಡೆದ ಕೇಂದ್ರಗಳಲ್ಲಿ ಮೈಸೂರಿನ ಜೆಎಸ್‌ಎಸ್ ಸಂಸ್ಥೆಯೂ ಒಂದು. ನಮ್ಮ ಆಸ್ಪತ್ರೆಯಲ್ಲಿ ಮಾತ್ರ ಯಾರೂ ಆ ಏರ್ಪಾಡನ್ನು ಕಟ್ಟಿರಲಿಲ್ಲ.

2021ರ ಕೊನೆಗೆ, ಇಂಥ ಟ್ರಯಲ್‌ಗಳನ್ನು ನಡೆಸುವ ಘಟಕ ಕಟ್ಟಲು, ನಮಗೆ ಒಂದು ಕೋಣೆ ಸಿಕ್ಕಿತು. ಸಾಮರ್ಥ್ಯವೆಂದರೆ ಉಪಕರಣವೆಂದೇ ಆಗ ನಾನು ತಿಳಿದಿದ್ದೆ. ಮೈನಸ್ 80 ಡಿಗ್ರಿಯ ಫ್ರೀಜರ್, 2ರಿಂದ 8 ಡಿಗ್ರಿಯ ರೆಫ್ರಿಜರೇಟರ್, ಬೀಗವಿರುವ ಕಪಾಟು, ಎರಡು ಕಂಪ್ಯೂಟರು, ಇವಿಷ್ಟು ಬಂದರೆ ಘಟಕ ಸಿದ್ಧವಾಯಿತೆಂದುಕೊಂಡಿದ್ದೆ. ಫ್ರೀಜರ್ ಬಂತು. ಮೂರನೆಯ ತಿಂಗಳು ರೆಫ್ರಿಜರೇಟರಿನ ಉಷ್ಣಾಂಶದ ಪುಸ್ತಕ ತೆರೆದು ನೋಡಿದರೆ ಪ್ರತಿದಿನವೂ, ಎರಡೂ ಹೊತ್ತೂ, 4 ಡಿಗ್ರಿ ಎಂದೇ ಬರೆದಿತ್ತು. ಒಳಗಿದ್ದ, ಉಷ್ಣಾಂಶವನ್ನು ತಾನೇ ದಾಖಲಿಸುವ ಡೇಟಾ ಲಾಗರ್ ಯಂತ್ರ ಬೇರೆಯೇ ಕಥೆ ಹೇಳುತ್ತಿತ್ತು: ಎರಡು ಭಾನುವಾರ ವಿದ್ಯುತ್ ಹೋದಾಗ ಜನರೇಟರಿನ ಸಂಪರ್ಕ ಆ ಕೋಣೆಗೆ ಸಿಗದೆ ಉಷ್ಣಾಂಶ 13 ಡಿಗ್ರಿ ಮುಟ್ಟಿತ್ತು. ಭಾನುವಾರದ ಅಂಕಿಯನ್ನು ಸೋಮವಾರ ಬೆಳಿಗ್ಗೆ ತುಂಬಿಸಲಾಗಿತ್ತು. ತುಂಬಿಸಿದ ಹುಡುಗನ ಮೇಲೆ ನನಗೆ ಕೋಪ ಬರಲಿಲ್ಲ. ಪುಸ್ತಕ ಖಾಲಿ ಬಿಡಬಾರದೆಂದು ಅವನಿಗೆ ಹೇಳಿದವರಿದ್ದರೇ ಹೊರತು, ಖಾಲಿ ಜಾಗವೂ ಒಂದು ಸತ್ಯವೆಂದು ಹೇಳಿದವರಿರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಹೆಚ್ಚಿನ ಶ್ರಮವೆಲ್ಲ ಬರವಣಿಗೆಯ ಅಭ್ಯಾಸ ಬದಲಿಸುವುದರಲ್ಲಿ ಕಳೆಯಿತು. ಸ್ಟಾಫ್ ನರ್ಸ್‌ಗಳು ವಾರ್ಡಿನಲ್ಲಿ ರೋಗಿಯ ನಾಡಿ, ರಕ್ತದೊತ್ತಡಗಳನ್ನು ಅಂಗೈಯ ಮೇಲೋ ಹತ್ತಿ ಪೊಟ್ಟಣದ ರಟ್ಟಿನ ಮೇಲೋ ಗುರುತು ಹಾಕಿಕೊಂಡು, ಪಾಳಿ ಮುಗಿಯುವ ಮುನ್ನ ಎಲ್ಲವನ್ನೂ ಒಟ್ಟಿಗೆ ಕೇಸ್ ಶೀಟಿಗೆ ಏರಿಸುತ್ತಿದ್ದರು. ಒಬ್ಬರೇ ಮೂವತ್ತು ಹಾಸಿಗೆ ನೋಡಿಕೊಳ್ಳುವ ಕಡೆ ಬೇರೆ ದಾರಿಯೂ ಇರಲಿಲ್ಲ. ಟ್ರಯಲ್ ನಡೆಸುವಾಗ ಅಳತೆ ತೆಗೆದ ಹೊತ್ತಿನಲ್ಲೇ ಬರೆಯಬೇಕು, ಬರೆದವರ ಸಹಿ ಇರಬೇಕು, ತಪ್ಪಾದರೆ ಒಂದೇ ಗೆರೆ ಎಳೆದು ಹಳೆಯ ಅಂಕಿ ಕಾಣುವಂತೆ ಬಿಟ್ಟು ಪಕ್ಕದಲ್ಲಿ ಸರಿಯಾದದ್ದನ್ನು ದಿನಾಂಕದೊಂದಿಗೆ ಬರೆಯಬೇಕು. ವೈಟ್‌ನರ್ ಬಾಟಲಿಗಳನ್ನು ವಾರ್ಡಿನಿಂದ ಹೊರಗೆ ಹಾಕಿದೆವು. ಹಿರಿಯ ಸಿಸ್ಟರ್ ಒಬ್ಬರು, 20 ವರ್ಷ ಸೇವೆ ಮಾಡಿದವರು, ಮೊದಲ ತರಬೇತಿಯಲ್ಲಿ ಎದ್ದು ನಿಂತು, "ಮೇಡಂ, ತಪ್ಪು ಹಾಗೇ ಕಾಣಿಸ್ತಾ ಇದ್ರೆ ನಾಳೆ ನಮಗೆ ಮೆಮೋ ಕೊಡೋದಿಲ್ವಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಿರಲಿಲ್ಲ. ಗೆರೆ ಎಳೆದು ಸರಿಪಡಿಸಿದ ತಪ್ಪಿಗೆ ಮೆಮೋ ಕೊಡುವಂತಿಲ್ಲವೆಂದು ನರ್ಸಿಂಗ್ ಅಧೀಕ್ಷಕರಿಂದ ಲಿಖಿತ ಸುತ್ತೋಲೆ ತರಲು ಎರಡು ತಿಂಗಳು ಬೇಕಾಯಿತು. ನನ್ನ ಲೆಕ್ಕದಲ್ಲಿ ನಮ್ಮ ಘಟಕ ಹುಟ್ಟಿದ್ದು ಆ ಸುತ್ತೋಲೆ ಬಂದ ದಿನ.

ಎಥಿಕ್ಸ್ ಕಮಿಟಿಯನ್ನು ಮರುರಚಿಸುವ ಕೆಲಸ ಇದರ ಜೊತೆಗೇ ಸಾಗಿತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟು ಮಂದಿ ಸಂಸ್ಥೆಯ ಹೊರಗಿನವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು, ವಕೀಲರೂ ಸಾಮಾನ್ಯ ನಾಗರಿಕರೊಬ್ಬರೂ ಇರಬೇಕು. ಸಾಮಾನ್ಯ ನಾಗರಿಕ ಸದಸ್ಯರಾಗಿ ಪಾಂಡವಪುರ ತಾಲ್ಲೂಕಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬಂದರು. ಸಭೆಯ ಲೆಕ್ಕಕ್ಕೆ ಒಂದು ತಲೆ ಬೇಕೆಂದು ಅವರನ್ನು ಕರೆದಿದ್ದೆವು ಎನ್ನುವುದನ್ನು ನಾನು ಒಪ್ಪಿಕೊಳ್ಳಲೇಬೇಕು. ಒಪ್ಪಿಗೆ ಪತ್ರದ ವಿಷಯದಲ್ಲಿ ನಮಗೆ ಪಾಠ ಹೇಳಿದವರು ಅವರೇ.

ನಮ್ಮ ಕನ್ನಡ ಒಪ್ಪಿಗೆ ಪತ್ರ ಇಂಗ್ಲಿಷಿನಿಂದ ಅನುವಾದವಾಗಿ ಬಂದದ್ದು. ಅದರಲ್ಲಿ "ಯಾದೃಚ್ಛೀಕರಣದ ಮೂಲಕ ನಿಮ್ಮನ್ನು ಎರಡು ಚಿಕಿತ್ಸಾ ಬಾಹುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು" ಎಂಬ ವಾಕ್ಯವಿತ್ತು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದಿಟ್ಟು, "ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದ್ದೀನಮ್ಮ, ನನಗೇ ಇದು ತಿಳೀಲಿಲ್ಲ," ಎಂದರು. ನಾನು "ಚೀಟಿ ಎತ್ತಿದ ಹಾಗೆ" ಎಂದು ಬರೆಯೋಣವೆಂದೆ. ಅವರು ಬೇಡವೆಂದರು. ನಮ್ಮ ಕಡೆ ಚೀಟಿಯೆಂದರೆ ತಿಂಗಳು ತಿಂಗಳು ದುಡ್ಡು ಕಟ್ಟುವ ಚೀಟಿ ವ್ಯವಹಾರ, ಅದರಲ್ಲಿ ಕಳೆದುಕೊಂಡವರು ಊರಿಗೆ ಹತ್ತು ಜನ; ಆಸ್ಪತ್ರೆಯಲ್ಲಿ ಚೀಟಿಯೆಂದರೆ ಹೊರರೋಗಿ ವಿಭಾಗದ ಚೀಟಿ; ದೇವರ ಮುಂದೆ ಎತ್ತುವ ಚೀಟಿಯಾದರೋ ದೇವರ ತೀರ್ಮಾನ, ಅದನ್ನು ಮುರಿಯಬಾರದು. ನೀವೋ, ಯಾವಾಗ ಬೇಕಾದರೂ ಹೊರಗೆ ಹೋಗಬಹುದೆಂದು ಹೇಳುತ್ತಿದ್ದೀರಿ, ಎರಡೂ ಹೊಂದುವುದು ಹೇಗೆ ಎಂದು ಕೇಳಿದರು. ಕೊನೆಗೆ ನಾವು ಬರೆದದ್ದು ಹೀಗೆ: "ನಿಮಗೆ ಯಾವ ಡ್ರಿಪ್ ಹಾಕಬೇಕೆಂಬುದನ್ನು ಡಾಕ್ಟರಾಗಲಿ ನೀವಾಗಲಿ ಆರಿಸುವುದಿಲ್ಲ. ನಾಣ್ಯ ಚಿಮ್ಮಿದಾಗ ಯಾವ ಮುಖ ಬೀಳುತ್ತದೆಂದು ಹೇಳಲಾಗದಲ್ಲವೇ, ಹಾಗೆ ಮುಂಚೆಯೇ ಮುಚ್ಚಿಟ್ಟಿರುವ ಲಕೋಟೆ ಅದನ್ನು ತಿಳಿಸುತ್ತದೆ. ಎರಡು ಡ್ರಿಪ್‌ಗಳನ್ನೂ ಈ ಆಸ್ಪತ್ರೆಯಲ್ಲಿ ದಿನವೂ ಕೊಡುತ್ತೇವೆ. ಯಾವುದು ಹೆಚ್ಚು ಒಳ್ಳೆಯದೆಂದು ನಮಗೆ ಇನ್ನೂ ಗೊತ್ತಿಲ್ಲ."

ಆ ಕೊನೆಯ ವಾಕ್ಯಕ್ಕೆ ವಿರೋಧ ಬಂದದ್ದು ರೋಗಿಗಳಿಂದಲ್ಲ, ನಮ್ಮದೇ ವೈದ್ಯರಿಂದ. ನಮಗೆ ಗೊತ್ತಿಲ್ಲವೆಂದು ಬರೆದು ಕೊಟ್ಟರೆ ಯಾರು ನಮ್ಮಲ್ಲಿಗೆ ಬರುತ್ತಾರೆಂದು ಒಬ್ಬರು ನೇರವಾಗಿಯೇ ಕೇಳಿದರು. ಈ ಅಳುಕು ನನಗೆ ಅರ್ಥವಾಗುತ್ತದೆ. ನಮ್ಮ ಜನ ವೈದ್ಯರಿಂದ ತೀರ್ಮಾನವನ್ನು ಬಯಸುತ್ತಾರೆ, ನಾವೂ ತೀರ್ಮಾನ ಕೊಟ್ಟೇ ಬೆಳೆದವರು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲಾರದ ವಾರ್ಡಿನಲ್ಲಿ ಪ್ರಾಮಾಣಿಕವಾದ ಟ್ರಯಲ್ ನಡೆಯಲಾರದು. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ಸೇರಿಸಿದ ಸಭೆಯಲ್ಲಿ ನಾನು ಇದನ್ನೇ ವಿವರಿಸಿದಾಗ ಒಬ್ಬ ಹಿರಿಯರು, "ಅಲ್ಲ ಡಾಕ್ಟ್ರಮ್ಮ, ಲಕೋಟೆ ಯೋಳಿದ್ ನೀರು ನನ್ ಮಗಳಿಗ್ಯಾಕೆ? ನೀವ್ ಯೋಳಿದ್ದೇ ಕೊಡಿ," ಎಂದರು. ನಾನು ಹೇಳುವುದೂ ಇವತ್ತು ಒಂದು, ನನ್ನ ಪಕ್ಕದ ಕೋಣೆಯ ಡಾಕ್ಟರು ಹೇಳುವುದು ಇನ್ನೊಂದು ಎಂದು ಉತ್ತರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾರೆ ಗೊತ್ ಮಾಡ್ಕೊಳಿ, ಬ್ಯಾಗ ಮಾಡ್ಕೊಳಿ," ಎಂದರು. ಅದೇ ಸಭೆಯಲ್ಲಿ ಒಬ್ಬ ತಾಯಿ, ಮೈಯಲ್ಲಿ ರಕ್ತವೇ ಕಮ್ಮಿಯಾಗಿದೆ ಎನ್ನುವ ನೀವೇ ಮತ್ತೆ ರಕ್ತ ತೆಗೆಯುತ್ತೀರಲ್ಲ ಎಂದು ಕೇಳಿದರು. ಪ್ಲೇಟ್‌ಲೆಟ್ ಕಮ್ಮಿಯಾಗುವುದನ್ನು ಜನ ರಕ್ತ ಕಮ್ಮಿಯಾಗುವುದೆಂದೇ ತಿಳಿದಿದ್ದಾರೆಂಬುದು ಇಷ್ಟು ವರ್ಷ ನನ್ನ ಗಮನಕ್ಕೆ ಬಂದಿರಲಿಲ್ಲ. "5 ಮಿ.ಲೀ." ಎಂಬುದರ ಮುಂದೆ "ಒಂದು ಚಿಕ್ಕ ಟೀ ಚಮಚದಷ್ಟು" ಎಂಬ ಮಾತು ಪತ್ರಕ್ಕೆ ಸೇರಿತು.

ಇಷ್ಟೆಲ್ಲ ಆಗುವಾಗ ಟ್ರಯಲಿನ ದಿನದ ಕೆಲಸವನ್ನೆಲ್ಲ ಹೊಂದಿಸುವ ನಮ್ಮ ಮೊದಲ ಕೋಆರ್ಡಿನೇಟರ್ ಬಿಟ್ಟು ಹೋದರು. ಮಂಡ್ಯದ ಹುಡುಗಿ, ಫಾರ್ಮಸಿ ಓದಿದವಳು. ಲಕೋಟೆಗಳ ಕ್ರಮಸಂಖ್ಯೆಯಿಂದ ಹಿಡಿದು ಕಮಿಟಿಯ ನಡಾವಳಿಯವರೆಗೆ ಎಲ್ಲವೂ ಅವಳ ಕೈಯಲ್ಲಿತ್ತು. 11 ತಿಂಗಳ ಗುತ್ತಿಗೆ ಮುಗಿದಾಗ ಹೊಸ ಅಧ್ಯಯನದ ಹಣ ಬಂದಿರಲಿಲ್ಲ, ಬೆಂಗಳೂರಿನ ಕಂಪನಿಯೊಂದು ಎರಡು ಪಟ್ಟು ಸಂಬಳಕ್ಕೆ ಕರೆಯಿತು. ಹೋಗಬೇಡವೆನ್ನಲು ನನಗೆ ಯಾವ ಅರ್ಹತೆಯೂ ಇರಲಿಲ್ಲ. ಹಣ ಅಧ್ಯಯನದೊಂದಿಗೆ ಬಂದು ಅಧ್ಯಯನದೊಂದಿಗೇ ಹೋಗುತ್ತದೆ, ಕಲಿತವರೂ ಅದರ ಹಿಂದೆಯೇ ಹೋಗುತ್ತಾರೆ, ಮುಂದಿನ ಮಳೆಗಾಲಕ್ಕೆ ನಾವು ಮತ್ತೆ ಮೊದಲಿನಿಂದ ಕಲಿಸಲು ಕೂರುತ್ತೇವೆ. ನಾನು ಮತ್ತೆ ಮತ್ತೆ ನೆನೆಯುವ ಉದಾಹರಣೆ ವಿಯೆಟ್ನಾಮಿನದು. ಹೋ ಚಿ ಮಿನ್ ನಗರದ ಉಷ್ಣವಲಯ ರೋಗಗಳ ಆಸ್ಪತ್ರೆಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊತೆಗೂಡಿ ಒಂದು ಸಂಶೋಧನಾ ಘಟಕ 1991ರಿಂದ ನಡೆದುಬಂದಿದೆ. ಡೆಂಗಿಯಿಂದ ಆಘಾತ (ಶಾಕ್) ಸ್ಥಿತಿಗೆ ಬಂದ 383 ಮಕ್ಕಳಲ್ಲಿ ಮೂರು ಬಗೆಯ ದ್ರವಗಳನ್ನು ಹೋಲಿಸಿ, ಸಾಧಾರಣ ಮಟ್ಟದ ಆಘಾತಕ್ಕೆ ಅಗ್ಗದ ರಿಂಗರ್ ಲ್ಯಾಕ್ಟೇಟ್ ಸಾಕೆಂದು 2005ರಲ್ಲಿ ತೋರಿಸಿಕೊಟ್ಟದ್ದು ಅಲ್ಲಿಯ ಕೆಲಸವೇ. ರೋಗಿಗಳಿಲ್ಲದ ತಿಂಗಳುಗಳಲ್ಲೂ ಅಲ್ಲಿ ಕೆಲಸಗಾರರಿದ್ದರು. ನಾವು ಫ್ರೀಜರಿಗೆ ವಾರ್ಷಿಕ ನಿರ್ವಹಣೆಯ ಹಣ ಕೇಳಿದರೆ ಮಂಜೂರಾಗುತ್ತದೆ, ಮನುಷ್ಯರಿಗೆ ಕೇಳಿದರೆ ಯಾವ ಯೋಜನೆಯಡಿ ಎಂಬ ಪ್ರಶ್ನೆ ಬರುತ್ತದೆ.

2024ರ ಜೂನ್ ಹೊತ್ತಿಗೆ ನಾವು ಸಿದ್ಧರಿದ್ದೆವು. ಎರಡೂ ದ್ರವಗಳು ಬಳಕೆಯಲ್ಲಿರುವಂಥವೇ ಆದ್ದರಿಂದ ನಮ್ಮದು ಶೈಕ್ಷಣಿಕ ಟ್ರಯಲ್ ಎಂದು ಪರಿಗಣಿತವಾಯಿತು, ಕಮಿಟಿಯ ಒಪ್ಪಿಗೆ ಮಾರ್ಚ್‌ನಲ್ಲೇ ಸಿಕ್ಕಿತ್ತು, ರಾಷ್ಟ್ರೀಯ ಟ್ರಯಲ್ ನೋಂದಣಿಯ ಸಂಖ್ಯೆಯೂ ಬಂದಿತ್ತು. ಆ ವರ್ಷ ರಾಜ್ಯದಲ್ಲಿ ಡೆಂಗಿ ಹೇಗೆ ಹಬ್ಬಿತೆಂಬುದು ಎಲ್ಲರಿಗೂ ನೆನಪಿರಬಹುದು. ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ನಮ್ಮ ಮೊದಲ ಲಕೋಟೆ ಒಡೆದದ್ದು ಜುಲೈನ ಒಂದು ರಾತ್ರಿ 11 ಗಂಟೆಗೆ, ರೋಗಿ ವಾರ್ಡಿಗೆ ಬಂದ 50 ನಿಮಿಷಗಳೊಳಗೆ. ನಾನು ಅಲ್ಲಿರಲಿಲ್ಲ. ರಾತ್ರಿ ಪಾಳಿಯ ಡಾಕ್ಟರು ಮತ್ತು ಸಿಸ್ಟರ್ ಇಬ್ಬರೇ ಎಲ್ಲವನ್ನೂ ಮುಗಿಸಿ, ಬೆಳಿಗ್ಗೆ ಕಡತವನ್ನು ನನ್ನ ಮೇಜಿನ ಮೇಲಿಟ್ಟಿದ್ದರು. ಸರಿಯಾಗಿ ಭರ್ತಿಯಾದ ಆ ಹಾಳೆಗಳನ್ನು ನೋಡಿದಾಗ ನನ್ನ ಕಣ್ಣು ತುಂಬಿಬಂತು.

ತಪ್ಪುಗಳೂ ಆದವು. ಒಬ್ಬ ಪಿ.ಜಿ. ವಿದ್ಯಾರ್ಥಿ ರಿಂಗರ್ ಲ್ಯಾಕ್ಟೇಟೇ ಸರಿಯೆಂಬ ನಂಬಿಕೆಯಿಂದ ಲಕೋಟೆ ತೆರೆಯುವ ಮೊದಲೇ ಅದನ್ನು ಹಾಕಿಬಿಟ್ಟಿದ್ದ; ಅದನ್ನು ನಿಯಮೋಲ್ಲಂಘನೆಯೆಂದು ಕಮಿಟಿಗೆ ವರದಿ ಮಾಡಿದೆವು. ಆಗಸ್ಟಿನಲ್ಲಿ ಟ್ರಯಲಿನಲ್ಲಿದ್ದ ಒಬ್ಬ ಯುವಕ ತೀರಿಕೊಂಡ. 24 ಗಂಟೆಗಳೊಳಗೆ ಮೊದಲ ವರದಿ ಹೋಗಬೇಕೆಂಬ ನಿಯಮವನ್ನು ನಾವು ಅಣಕು ಅಭ್ಯಾಸದಲ್ಲಿ ಮೂರು ಸಲ ಮಾಡಿ ನೋಡಿದ್ದೆವು, ಆದ್ದರಿಂದ ಕಾಗದದ ಕೆಲಸ ತಡವಾಗಲಿಲ್ಲ. ಅಭ್ಯಾಸದಲ್ಲಿ ಕಲಿಯಲಾಗದ ಕೆಲಸ ಬೇರೆ ಇತ್ತು. ಅವನ ಅಣ್ಣ, "ಆ ಲಕೋಟೆಯಿಂದ ಇಂಗಾಯ್ತಾ ಮೇಡಂ?" ಎಂದು ಕೇಳಿದರು. ಹಾಗೆಂದು ನನಗೆ ಅನಿಸುವುದಿಲ್ಲ, ಆದರೆ ಅದನ್ನು ತೀರ್ಮಾನಿಸುವವಳು ನಾನಲ್ಲ, ನನಗೆ ಸಂಬಂಧಪಡದ ಜನ ಎಲ್ಲ ದಾಖಲೆ ನೋಡಿ ಹೇಳುತ್ತಾರೆ, ಅವರು ಏನು ಹೇಳಿದರೂ ನಿಮಗೆ ತಿಳಿಸುತ್ತೇನೆ ಎಂದೆ. ಆ ಸಾವನ್ನು ಪರಿಶೀಲಿಸಿದ ಕಮಿಟಿಯ ಸಭೆಯಲ್ಲಿ ಮೇಷ್ಟ್ರು ಗಂಟೆಗೊಮ್ಮೆ ಬರೆದ ಪ್ರತಿಯೊಂದು ಅಂಕಿಯನ್ನೂ ಓದಿಸಿ ಕೇಳಿದರು. ಸಾವಿಗೆ ಕಾರಣ ರೋಗದ ಉಲ್ಬಣವೇ ಹೊರತು ದ್ರವವಲ್ಲವೆಂದು ಕಮಿಟಿ ತೀರ್ಮಾನಿಸಿದಾಗ ಅದನ್ನು ಕನ್ನಡದಲ್ಲಿ ಬರೆದುಕೊಂಡು ತೀರಿಕೊಂಡವನ ಮನೆಯವರ ಊರಿಗೆ ನಾನೇ ಹೋಗಿ ಬಂದೆ. ಆ ಅಂಕಿಗಳು ಪಾಳಿಯ ಕೊನೆಗೆ ಒಟ್ಟಿಗೆ ತುಂಬಿಸಿದವಾಗಿದ್ದರೆ ಆ ಅಣ್ಣನಿಗೆ ಏನನ್ನೂ ಹೇಳುವ ಧೈರ್ಯ ನನಗಿರುತ್ತಿರಲಿಲ್ಲ.

ಡೆಂಗಿ ಪ್ರತಿ ವರ್ಷ ಬರುತ್ತದೆ, ಹಾಗಾಗಿ ಅದಕ್ಕೆ ಸಿದ್ಧವಾಗುವುದು ಸುಲಭ. ನನ್ನ ಚಿಂತೆ ಹೇಳದೆ ಬರುವ ರೋಗಗಳದು. ಎಚ್.ಡಿ. ಕೋಟೆಯ ಗಡಿಯೂರು ಬಾವಲಿಯನ್ನು ದಾಟಿದರೆ ಕೇರಳದ ವಯನಾಡು. ಕೇರಳದಲ್ಲಿ 2018ರಿಂದ ಈಚೆಗೆ ನಿಪಾ ಹಲವು ಸಲ ಕಾಣಿಸಿಕೊಂಡಿದೆ. ಮಂಗನ ಕಾಯಿಲೆ ಮಲೆನಾಡಿನದೆಂದುಕೊಂಡಿದ್ದಾಗ 2012ರಲ್ಲಿ ಬಂಡೀಪುರದಲ್ಲೇ ಸಿಕ್ಕಿತು. ಇಂಥವು ಬಂದು ಕೆಲವೇ ವಾರಗಳಲ್ಲಿ ಹೋಗಿಬಿಡುತ್ತವೆ. ಪಶ್ಚಿಮ ಆಫ್ರಿಕಾದ ಎಬೋಲಾ ಪಿಡುಗಿನಲ್ಲಿ ಝಡ್‌ಮ್ಯಾಪ್ ಔಷಧದ ಟ್ರಯಲಿಗೆ 200 ರೋಗಿಗಳು ಬೇಕಿತ್ತು, 72 ಮಂದಿ ಸೇರುವಷ್ಟರಲ್ಲಿ ಪಿಡುಗೇ ತಗ್ಗಿತು, ಉತ್ತರ ಖಚಿತವಾಗಲಿಲ್ಲ. ಮುಂದೆ 2018ರಲ್ಲಿ ಕಾಂಗೋದಲ್ಲಿ ರೋಗ ಮರಳಿದಾಗ ಅಲ್ಲಿಯ ವೈದ್ಯರೇ ಮುಂದೆ ನಿಂತು ನಡೆಸಿದ ಪಾಮ್ ಟ್ರಯಲ್ ಒಂದು ವರ್ಷದೊಳಗೆ ಎರಡು ಔಷಧಗಳನ್ನು ಗುರುತಿಸಿತು. ಅದನ್ನು ಓದಿದ ಮೇಲೆ ನಾವು ತೀವ್ರ ಜ್ವರ ಮತ್ತು ಮೆದುಳಿನ ಉರಿಯೂತಕ್ಕೆ ಒಂದು ಸಾಮಾನ್ಯ ಪ್ರೋಟೋಕಾಲ್, ಅಂದರೆ ಟ್ರಯಲ್ ನಡೆಸುವ ಕ್ರಮವನ್ನು, ಬರೆದಿಟ್ಟಿದ್ದೇವೆ. ಔಷಧದ ಹೆಸರಿನ ಜಾಗ ಮಾತ್ರ ಖಾಲಿ. ರೋಗಿಯನ್ನು ಸೇರಿಸುವ ಬಗೆ, ಮಾದರಿ ಸಾಗಿಸುವ ಬಗೆ, ಒಪ್ಪಿಗೆ ಪತ್ರ ಎಲ್ಲವನ್ನೂ ಕಮಿಟಿ ಪ್ರತಿ ಜನವರಿಯಲ್ಲಿ ಮತ್ತೊಮ್ಮೆ ನೋಡುತ್ತದೆ, ಹೆಸರು ಬಂದ ದಿನ ಅದೊಂದನ್ನು ಪರಿಶೀಲಿಸಿದರೆ ಸಾಕು. ಸೋಂಕಿನವರನ್ನಿಡುವ ಪ್ರತ್ಯೇಕ ವಾರ್ಡಿನಿಂದ ಕಾಗದ ಹೊರಗೆ ತರುವಂತಿಲ್ಲವಾದ್ದರಿಂದ, ರೋಗಿ ಸಹಿ ಹಾಕಿದ್ದನ್ನೋ ಹೆಬ್ಬೆಟ್ಟು ಒತ್ತಿದ್ದನ್ನೋ ಗಾಜಿನ ಆಚೆಯಿಂದ ಸಾಕ್ಷಿ ನೋಡಿ ತನ್ನ ಪ್ರತಿಗೆ ಸಹಿ ಮಾಡುವ, ಒಳಗಿನ ಹಾಳೆಯ ಫೋಟೋ ತೆಗೆಯುವ ಕ್ರಮವನ್ನು ರಕ್ಷಣಾ ಉಡುಪು ತೊಟ್ಟೇ ಅಭ್ಯಾಸ ಮಾಡಿದ್ದೇವೆ. ಎರಡು ಕೈಗವಸಿನಲ್ಲಿ ಪೆನ್ನು ಹಿಡಿದು ಬರೆಯುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಈಗ ಆ ನಮೂನೆಯಲ್ಲಿ ಬರೆಯುವ ಜಾಗಗಳಿಗಿಂತ ಗುರುತು ಹಾಕುವ ಚೌಕಗಳೇ ಹೆಚ್ಚು.

ಎರಡು ಮಳೆಗಾಲ ಕಳೆದರೂ ಡ್ರಿಪ್ ದ್ರವಗಳ ಟ್ರಯಲಿಗೆ ಬೇಕಾದ ಸಂಖ್ಯೆಯ ಅರ್ಧವನ್ನಷ್ಟೇ ನಾವು ದಾಟಿದ್ದೇವೆ. ಮಂಡ್ಯ ಜಿಲ್ಲೆಯ ಇನ್ನೊಂದು ಆಸ್ಪತ್ರೆ ಈ ವರ್ಷ ಜೊತೆಗೂಡುವುದಾಗಿ ಹೇಳಿದೆ, ಅಲ್ಲಿಯ ಸಿಸ್ಟರ್‌ಗಳಿಗೆ ಪಾಠ ಹೇಳಲು ನಮ್ಮ ಆ ಹಿರಿಯ ಸಿಸ್ಟರ್ ಒಪ್ಪಿದ್ದಾರೆ. ಲಕೋಟೆಗಳು ಎಣಿಕೆಯಾಗಿ ಬೀಗದ ಕಪಾಟಿನಲ್ಲಿವೆ. ರಾತ್ರಿ ಪಾಳಿಗೆ ಹೊಸದಾಗಿ ಸೇರಿದವರ ತರಬೇತಿ ಏಪ್ರಿಲ್ ಕೊನೆಯ ವಾರಕ್ಕೆ ನಿಗದಿಯಾಗಿದೆ. ಈಗಿನ ಕೋಆರ್ಡಿನೇಟರನ 11 ತಿಂಗಳು ಮೇ ತಿಂಗಳಿಗೆ ಮುಗಿಯುತ್ತದೆ, ಅವನನ್ನು ಮುಂದುವರಿಸುವ ಕಡತ ಲೆಕ್ಕಪತ್ರ ವಿಭಾಗದಲ್ಲಿ ಆರು ವಾರದಿಂದ ಕೂತಿದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಹೊರರೋಗಿ ವಿಭಾಗ ಆರಂಭಿಸುವ ಮೊದಲು, ಅದನ್ನು ಕೇಳಲು ಮತ್ತೆ ಹೋಗುತ್ತಿದ್ದೇನೆ.